ಅಜ್ಜನ ಕೋವಿಗೆ ಪರರ ಮರ

ಹಳೆಯ ವಸ್ತುವನ್ನು ಹಾಳುಮಾಡಲು ಎರಡು ದಾರಿಗಳುಂಟು. ಅಟ್ಟದ ಮೇಲಿಟ್ಟು ಗೆದ್ದಲಿಗೆ ಒಪ್ಪಿಸುವುದು ಒಂದು. ಪ್ರೀತಿಯಿಂದ ವಾರ್ನಿಷ್ ಬಳಿಯುವುದು ಇನ್ನೊಂದು. ಮೊದಲನೆಯದು ಸೋಮಾರಿಗಳ ಕೆಲಸವಾದ್ದರಿಂದ ಕ್ಷಮಿಸಬಹುದು. ಎರಡನೆಯದು ಅಭಿಮಾನಿಗಳ ಕೆಲಸ. ನನ್ನ ಜಗಳವಿರುವುದು ಅವರೊಡನೆ.

ನಮ್ಮದು ಕೊಡಗಿನ ಮನೆ. ಅಜ್ಜ ಬಿಟ್ಟುಹೋದ ಸೊತ್ತಿನಲ್ಲಿ .315 ಗಾತ್ರದ ಒಂದು ಬಿ.ಎಸ್.ಎ. ರೈಫಲ್ ಇದೆ. ಸೈನ್ಯದ .303 ತೋಟಾ ಖಾಸಗಿಯವರ ಕೈಸೇರಬಾರದೆಂದು ಬ್ರಿಟಿಷ್ ಸರ್ಕಾರ ನಿರ್ಬಂಧ ಹಾಕಿದ್ದರಿಂದ, ಬರ್ಮಿಂಗ್‌ಹ್ಯಾಮಿನ ಆ ಕಾರ್ಖಾನೆ ಅದೇ ಲೀ ಯಂತ್ರಕ್ಕೆ ಬೇರೆ ಗಾತ್ರದ ನಳಿಗೆ ಕೂಡಿಸಿ ಶಿಕಾರಿಯವರಿಗೆ ಮಾರಿತು. ಕಳೆದ ವರ್ಷ ಪೆಟ್ಟಿಗೆ ತೆರೆದಾಗ, ಭುಜಕ್ಕೊತ್ತುವ ಮರ, ಅಂದರೆ ಬಟ್, ಕೈ ಹಿಡಿಯುವ ಸಣಕಲು ಭಾಗದಲ್ಲಿ ಉದ್ದಕ್ಕೂ ಸೀಳಿತ್ತು.

ಕೂಡಲೇ ಸಲಹೆಗಳ ಮಳೆ. ನಮ್ಮ ಭಾವನವರು, “ಬೀಟೆ ಮರದಲ್ಲಿ ಹೊಸದು ಮಾಡಿಸಿ, ಕನ್ನಡಿಯ ಹಾಗೆ ಹೊಳೆಯಬೇಕು” ಎಂದರು. ಹಳೆಯ ಸಾಮಾನು ಕೂಡಿಹಾಕುವ ಮಿತ್ರರೊಬ್ಬರು, “ಬೇರೆ ಕೋವಿಯ ಮರ ತೊಡಿಸಿದರೆ ಜಾತಿ ಕೆಟ್ಟಂತೆ. ಮುರಿದದ್ದನ್ನು ಹಾಗೆಯೇ ಗಾಜಿನ ಬೀರುವಿನಲ್ಲಿಡಿ” ಎಂದರು. ನಾನು ಇಬ್ಬರ ಮಾತನ್ನೂ ಕೇಳಲಿಲ್ಲ.

ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇರಬಹುದು. ಆದರೆ ರಿಪೇರಿ ಪರವಾನಗಿ ಉಳ್ಳವರ ಕೆಲಸ. ಅಂಥ ಹಿರಿಯರೊಬ್ಬರಲ್ಲಿ, ಗುಜರಿ ಪಾಲಾದ ಸೈನ್ಯದ ಲೀ-ಎನ್‌ಫೀಲ್ಡೊಂದರ ಅಕ್ರೋಟ್ ಮರದ ಬಟ್ ಇತ್ತು. ಅವರು ಕೆಲಸಕ್ಕೆ ಕುಳಿತ ರೀತಿಯೇ ಒಂದು ಪಾಠ. ಮೊದಲು ಮುಂಬದಿಯ ಮರ ಬಿಚ್ಚಿದರು. ಆಮೇಲೆ ಬಟ್ಟಿನೊಳಗಿನ ಉದ್ದನೆಯ ಬೋಲ್ಟಿಗೆ ಕೈಹಾಕಿದರು. ಮೊದಲ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್‌ಗಳಲ್ಲಿ ಆ ಬೋಲ್ಟಿನ ಚೌಕ ತುದಿ ಮುಂಬದಿಯ ಮರದೊಳಗಿನ ತಗಡಿನಲ್ಲಿ ಕೂತಿರುತ್ತದೆ. ಅದನ್ನು ಮೊದಲು ತಿರುಗಿಸಿದರೆ ಮುಂಬದಿಯ ಮರವೂ ಸೀಳುತ್ತದೆ. ಈ ಜಾತಿಯ ಕೋವಿ ಯಾವುದೇ ಬರಲಿ, ಈ ಕ್ರಮ ತಪ್ಪುವುದು ಅವರ ಕೈಗೆ ಗೊತ್ತಿಲ್ಲ. ಕುರ್ಚಿ ಮೇಜು ಮಾಡುವ ನಮ್ಮ ಭಾವನವರ ಬಡಗಿಗೆ ಇದನ್ನು ಯಾರು ಹೇಳಬೇಕು?

ಮರದ ತಗ್ಗುಗಳಿಗೆ ಒದ್ದೆ ಬಟ್ಟೆ ಹಾಕಿ ಕಾದ ಇಸ್ತ್ರಿ ತಾಕಿಸಿದರು. ಆವಿಗೆ ನಾರು ಉಬ್ಬಿ ಮೇಲೆದ್ದಿತು. ಮರಳು ಕಾಗದವನ್ನು ಹತ್ತಿರ ಸುಳಿಯಗೊಡಲಿಲ್ಲ. ಉಜ್ಜಿದರೆ ಮರ ತಗ್ಗಿ ಕಬ್ಬಿಣದ ಅಂಚು ಮೇಲೆ ನಿಲ್ಲುತ್ತದೆ, ಹಳೆಯ ಮುದ್ರೆಗಳೂ ಅಳಿಯುತ್ತವೆ. ಕೊನೆಗೆ ಅಗಸೆ ಎಣ್ಣೆ, ತೆಳ್ಳಗೆ, ಅಂಗೈಯಿಂದ, ದಿನಗಟ್ಟಲೆ.

ಈಗ ಜಾತಿ ಕೆಟ್ಟಿತೆಂಬ ಮಿತ್ರರಿಗೆ ನನ್ನ ಉತ್ತರ. ಸೈನ್ಯದವರು ಈ ಬಟ್ಟನ್ನು ಒಂದೇ ಅಳತೆಯಲ್ಲಿ ಮಾಡಲಿಲ್ಲ. ಸಿಪಾಯಿಯ ತೋಳಿಗೆ ತಕ್ಕಂತೆ ಗಿಡ್ಡ, ಉದ್ದ ಎಂದು ಬೇರೆಬೇರೆ ಮಾಡಿ ಗುರುತು ಒತ್ತಿದರು. ಬದಲಿಸುವುದಕ್ಕೆಂದೇ ಮಾಡಿದ ಮರವನ್ನು ಬದಲಿಸಿದರೆ ಯಾವ ಕುಲ ಕೆಟ್ಟಿತು? ಐನ್‌ಮನೆಯ ಕಂಬವೊಂದು ಲಡ್ಡಾಗಿ, ಬಿದ್ದುಹೋದ ಇನ್ನೊಂದು ಮನೆಯ ಕಂಬ ತಂದು ನಿಲ್ಲಿಸಿದರೆ ಐನ್‌ಮನೆ ಬೇರೆಯವರದಾಗುತ್ತದೆಯೇ? ಮೋಸವಿರುವುದು ಮರದಲ್ಲಲ್ಲ, ಮುಚ್ಚಿಡುವುದರಲ್ಲಿ. ಬೇರೆ ಮರ ಹಾಕಿ, “ಅಪ್ಪಟ ಹಳೆಯದು” ಎಂದು ಮಾರುವವನು ಕಳ್ಳ. ನಾನಂತೂ, “ಬಟ್ ಈ ಕೋವಿಯದಲ್ಲ” ಎಂದು ಚೀಟಿ ಬರೆದು, ಸೀಳಿದ ಮರದೊಡನೆ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮೊಮ್ಮಕ್ಕಳು ಓದಿಕೊಳ್ಳಲಿ.

“ಬೇಟೆಯೇ ಇಲ್ಲದ ಮೇಲೆ ಕೋವಿಗೇಕೆ ಈ ಉಪಚಾರ?” ಎಂದು ಕೇಳುವವರುಂಟು. 1972ರ ವನ್ಯಜೀವಿ ಕಾನೂನು ಶಿಕಾರಿಗೆ ತೆರೆ ಎಳೆಯಿತು, ಒಳ್ಳೆಯದೇ ಆಯಿತು. ಅಜ್ಜನ ಶಿಕಾರಿಯ ಬಗ್ಗೆ ನನಗೆ ಹೆಮ್ಮೆಯಿಲ್ಲ. ಆದರೆ ಸೆಪ್ಟೆಂಬರ್ ತಿಂಗಳ ಕೈಲ್‌ಪೊಳ್ದಿನಲ್ಲಿ ಕೋವಿಗೆ ತೋಕ್‌ಪೂ ಮುಡಿಸುವಾಗ ನಾವು ಪೂಜಿಸುವುದು ಕೊಂದದ್ದನ್ನಲ್ಲ, ಮನೆಯನ್ನು ಕಾದದ್ದನ್ನು. ಪೂಜೆಗಿಡುವ ವಸ್ತು ಮುರಿದಿರಬಾರದು. ವೇಷ ಹಾಕಿಕೊಂಡೂ ಇರಬಾರದು.

ಈ ಸಲ ಹಬ್ಬಕ್ಕೆ ಬಂದ ಭಾವನವರು ಕೋವಿಯನ್ನು ಭುಜಕ್ಕಿಟ್ಟು ನೋಡಿ, “ಹೊಳಪು ಸಾಲದು” ಎಂದರು. ಅವರ ಕೈಗೆ ಕೋವಿಯನ್ನು ಎಷ್ಟು ಸಲ ಬೇಕಾದರೂ ಕೊಡುತ್ತೇನೆ. ವಾರ್ನಿಷ್ ಡಬ್ಬಿಯನ್ನು ಮಾತ್ರ ಕೊಡುವುದಿಲ್ಲ.