ಮುಂಗಾರಿನಲ್ಲಿ ಚಂಡಮಾರುತ ಏಕಿಲ್ಲ?

ನವೆಂಬರ್ ಬಂತೆಂದರೆ ಕೋಲಾರ, ತುಮಕೂರು ಕಡೆಯ ರೈತರು ಆಕಾಶ ನೋಡತೊಡಗುತ್ತಾರೆ. ರಾಗಿ ಕೊಯ್ದು ಹೊಲದಲ್ಲಿ ಹಾಕಿರುವ ಹೊತ್ತಿಗೆ ಸರಿಯಾಗಿ ಮೋಡ ಮುಸುಕಿ, ಚಳಿಗಾಳಿಯೊಡನೆ ಎರಡು ಮೂರು ದಿನ ಜಡಿಮಳೆ ಹಿಡಿಯುತ್ತದೆ. ‘ಸೈಕ್ಲೋನ್ ಮಳೆ’ ಎಂದು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಹೇಳುತ್ತಾಳೆ. ದೂರದ ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಸೆರಗಿನ ತುದಿ ಅದು. ಸೈಕ್ಲೋನ್ ಎಂಬ ಪದ ಹುಟ್ಟಿದ್ದೂ ಈ ಕೊಲ್ಲಿಯಿಂದಲೇ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ ಬಿರುಗಾಳಿಗೆ ಸಿಕ್ಕ ಹಡಗುಗಳ ದಿನಚರಿಗಳನ್ನು ಕೂಡಿಸಿ ಗಾಳಿಯ ಸುತ್ತನ್ನು ಅಭ್ಯಾಸ ಮಾಡಿದ. 1848ರ ತನ್ನ ಪುಸ್ತಕದಲ್ಲಿ, ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ಈ ಹೆಸರನ್ನು ಕಟ್ಟಿಕೊಟ್ಟ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೊಲ್ಲಿಯಲ್ಲಿ ಮೋಡ, ಗಾಳಿ, ಮಳೆ ಅತಿ ಹೆಚ್ಚಿರುವುದು ಜುಲೈ, ಆಗಸ್ಟ್‌ನಲ್ಲಿ. ಆದರೆ ದೊಡ್ಡ ಚಂಡಮಾರುತಗಳೆಲ್ಲ ಏಳುವುದು ಮುಂಗಾರಿಗೆ ಮುನ್ನ ಇಲ್ಲವೇ ಅದು ಹಿಂದೆ ಸರಿದ ಮೇಲೆ. ನಡುವಿನ ತಿಂಗಳುಗಳಲ್ಲಿ ಅವು ಎಲ್ಲಿ ಹೋಗುತ್ತವೆ?

ಮೊದಲು ಉರುವಲಿನ ವಿಚಾರ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ತಾಗಿದವರಿಗೆ ಗೊತ್ತು, ಕುದಿನೀರಿಗಿಂತ ಅದರ ಸುಡುವಿಕೆ ಜೋರು. ಹಬೆ ಕೈಮೇಲೆ ನೀರಾಗುವಾಗ ತಾನು ಅಡಗಿಸಿಟ್ಟುಕೊಂಡ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಕಡಲಿನಿಂದ ಆವಿಯಾಗುವ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಹೀಗೆ ಹೊತ್ತು ಮೇಲೇರುತ್ತದೆ. ಎತ್ತರದಲ್ಲಿ ಮೋಡವಾಗುವಾಗ ಅದನ್ನು ಅಲ್ಲಿ ಇಳಿಸುತ್ತದೆ. ಅಲ್ಲಿನ ಗಾಳಿ ಬಿಸಿಯಾಗಿ ಹಗುರಾಗುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ಸುತ್ತಲಿನ ತೇವಗಾಳಿ ಅತ್ತ ನುಗ್ಗುತ್ತದೆ. ಅದೂ ಮೇಲೇರಿ ಮತ್ತಷ್ಟು ಶಾಖ ಬಿಡುತ್ತದೆ. ಇದು ತನ್ನ ಒಲೆಗೆ ತಾನೇ ಸೌದೆ ತಂದುಕೊಳ್ಳುವ ಯಂತ್ರ. ಇದು ಹೊತ್ತಿಕೊಳ್ಳಲು ಕಡಲಿನ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಮೇಲ್ಪದರ ಮಾತ್ರ ಬೆಚ್ಚಗಿದ್ದರೆ ಸಾಲದು, ಬಿಸಿ ಹತ್ತಾರು ಮೀಟರ್ ಆಳಕ್ಕೆ ಇಳಿದಿರಬೇಕು. ಇಲ್ಲವಾದರೆ ಗಾಳಿ ಕಡಲನ್ನು ಕಡೆದು ತಳದ ತಣ್ಣೀರನ್ನು ಮೇಲೆ ತಂದು, ತನ್ನ ಒಲೆಯನ್ನು ತಾನೇ ಆರಿಸಿಕೊಳ್ಳುತ್ತದೆ.

ಸುತ್ತು ಬರುವುದು ಭೂಮಿಯ ಭ್ರಮಣೆಯಿಂದ. ನಮ್ಮ ಉತ್ತರ ಗೋಳಾರ್ಧದಲ್ಲಿ ಒಳನುಗ್ಗುವ ಗಾಳಿ ಬಲಕ್ಕೆ ವಾಲಿ, ಕೇಂದ್ರವನ್ನು ಅಪ್ರದಕ್ಷಿಣವಾಗಿ ಸುತ್ತುತ್ತದೆ. (ಬಚ್ಚಲ ನೀರು ಸುತ್ತುವುದೂ ಇದರಿಂದಲೇ ಎಂಬ ಮಾತು ಜನಪ್ರಿಯ. ಅದು ಸರಿಯಲ್ಲ, ಬಚ್ಚಲು ತೀರಾ ಸಣ್ಣದು.) ಸಮಭಾಜಕ ವೃತ್ತದ ಬಳಿ ಈ ಬಲ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅಲ್ಲಿ ಕಡಲು ಎಷ್ಟೇ ಬೆಚ್ಚಗಿದ್ದರೂ 5 ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಹುಟ್ಟುವುದು ಬಲು ಅಪರೂಪ.

ಇನ್ನು ಜುಲೈ ತಿಂಗಳ ಒಗಟು. ಬಿಸಿ ಗಾಳಿಯ ಕಂಬ ಹತ್ತು ಹದಿನೈದು ಕಿಲೋಮೀಟರ್ ನೆಟ್ಟಗೆ ನಿಂತರೆ ಮಾತ್ರ ಶಾಖ ಒಂದೇ ಕಡೆ ಕೂಡಿಕೊಳ್ಳುತ್ತದೆ. ಮುಂಗಾರಿನಲ್ಲಿ ಕೆಳಗೆ ನೈಋತ್ಯದಿಂದ ಬಲವಾದ ಗಾಳಿ ಬೀಸಿದರೆ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಅದಕ್ಕಿಂತಲೂ ವೇಗದ ಗಾಳಿ ಹರಿಯುತ್ತಿರುತ್ತದೆ. ಕಂಬದ ಬುಡ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ. ಕಟ್ಟುವಷ್ಟರಲ್ಲೇ ಅದು ಚದುರುತ್ತದೆ. ಆ ದಿನಗಳಲ್ಲಿ ಕೊಲ್ಲಿಯ ಉತ್ತರ ತುದಿಯಲ್ಲಿ ವಾಯುಭಾರ ಕುಸಿತಗಳು ಉಂಟಾಗುತ್ತವೆ, ಒಳನಾಡಿಗೆ ಧಾರಾಳ ಮಳೆಯನ್ನೂ ತರುತ್ತವೆ; ಆದರೆ ಬಲಿಯುವ ಮೊದಲೇ ನೆಲ ಸೇರಿಬಿಡುತ್ತವೆ. 2024ರ ಆಗಸ್ಟ್ ಕೊನೆಗೆ ಅರಬ್ಬಿ ಸಮುದ್ರದಲ್ಲಿ ‘ಅಸ್ನಾ’ ಎದ್ದದ್ದು ಸುದ್ದಿಯಾಗಲು ಕಾರಣ, 1976ರ ನಂತರ ಆ ತಿಂಗಳಲ್ಲಿ ಅಲ್ಲಿ ಚಂಡಮಾರುತವೇ ಕಂಡಿರಲಿಲ್ಲ. ಅಕ್ಟೋಬರಿನಲ್ಲಿ ಮೇಲಿನ ಗಾಳಿ ಸಡಿಲಗೊಳ್ಳುತ್ತದೆ. ಕಡಲು ಇನ್ನೂ ಬೆಚ್ಚಗಿರುತ್ತದೆ. ಆಗ ಸರದಿ ಶುರು.

ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದಕ್ಕೆ ಚಂಡಮಾರುತದ ಪಟ್ಟ ಕಟ್ಟುತ್ತದೆ. 222 ಮುಟ್ಟಿದರೆ ಅದು ಸೂಪರ್ ಸೈಕ್ಲೋನ್. 1999ರ ಅಕ್ಟೋಬರ್ 29ರಂದು ಪಾರಾದೀಪದ ಬಳಿ ಒಡಿಶಾಕ್ಕೆ ಅಪ್ಪಳಿಸಿದ್ದು ಈ ಕೊನೆಯ ಜಾತಿಯದು. ಸತ್ತವರು ಸುಮಾರು ಹತ್ತು ಸಾವಿರ. 1977ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿ. ಎರಡೂ ಕಡೆ ಗಾಳಿಗಿಂತ ಹೆಚ್ಚಾಗಿ ಕೊಂದದ್ದು ಗಾಳಿ ತಳ್ಳಿತಂದ ಕಡಲು. ಕೊಲ್ಲಿಯ ದಡ ಆಳವಿಲ್ಲದ್ದು, ಆಚೆಯ ನೆಲ ತಗ್ಗು. ನೀರು ಐದಾರು ಮೀಟರ್ ಎದ್ದು ಒಳನುಗ್ಗಿತು. 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಅದೇ ಒಡಿಶಾದ ಗೋಪಾಲಪುರಕ್ಕೆ ಬಡಿಯುವ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಸಾವು ನೂರರೊಳಗೇ ನಿಂತಿತು. ಕೊಲ್ಲಿಯ ನಡುವೆ ಹುಟ್ಟಿ ನಾಲ್ಕಾರು ದಿನ ನಡೆದು ಬರುವ ಚಂಡಮಾರುತದ ದಾರಿಯನ್ನು ಉಪಗ್ರಹ, ರೇಡಾರ್‌ಗಳಿಂದ ಮೊದಲೇ ಗುರುತಿಸಲು ಈಗ ಸಾಧ್ಯವಾಗಿದೆ.

ಆದರೆ ದಡದ ಬಳಿಯೇ ಹುಟ್ಟಿ ಥಟ್ಟನೆ ಬಲಿಯುವ ಚಂಡಮಾರುತದ ಕಥೆ ಬೇರೆ. 2017ರ ನವೆಂಬರ್ 29ರಂದು ಶ್ರೀಲಂಕಾದ ಸಮೀಪ ಒಂದು ವಾಯುಭಾರ ಕುಸಿತ ಇತ್ತು. ಮರುದಿನ ಬೆಳಿಗ್ಗೆ ಕನ್ಯಾಕುಮಾರಿಯ ಹತ್ತಿರ ಅದೇ ‘ಓಖಿ’ ಚಂಡಮಾರುತ. ಆಳಕಡಲ ಮೀನುಗಾರರು ಒಮ್ಮೆ ಹೊರಟರೆ ಅನೇಕ ದಿನ ದಡಕ್ಕೆ ಮರಳುವವರಲ್ಲ. ಕನ್ಯಾಕುಮಾರಿ, ತಿರುವನಂತಪುರ ಕಡೆಯ ಎಷ್ಟೋ ದೋಣಿಗಳು ಎಚ್ಚರಿಕೆ ಹೊರಬೀಳುವ ಮೊದಲೇ ಅದು ಮುಟ್ಟದಷ್ಟು ದೂರ ಹೋಗಿದ್ದವು. ನೂರಾರು ಮೀನುಗಾರರು ತಿರುಗಿ ಬರಲಿಲ್ಲ. ದೂರ ಹೋದ ದೋಣಿಗಳಿಗೆ ಉಪಗ್ರಹದ ಮೂಲಕ ಸಂದೇಶ ಮುಟ್ಟಿಸುವ ಉಪಕರಣಗಳ ಕೆಲಸ ಚುರುಕಾದದ್ದು ಅದಾದ ಮೇಲೆ.