ಎಣ್ಣೆ ಕುಡಿದ ಮಣ್ಣಿಗೆ ಹುಲ್ಲು ಮದ್ದು, ಖರ್ಚು ಯಾರದು?



ನಿಮ್ಮ ಹೊಲದ ಅಡಿಯಲ್ಲಿ ಎಣ್ಣೆ ಪೈಪು ಹಾದುಹೋಗಿದೆಯೇ? ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್ ಉದ್ದಕ್ಕೂ ಪೆಟ್ರೋಲು, ಡೀಸೆಲ್ಲು ನೆಲದಡಿಯಲ್ಲೇ ಹರಿಯುತ್ತಿದೆ. 1962ರ ಪೈಪ್‌ಲೈನ್ ಕಾಯಿದೆ ಪ್ರಕಾರ ಆ ಪಟ್ಟಿಯ ಮಾಲೀಕರು ನೀವೇ. ಆದರೆ ಅಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಒಂದು ಮರ ನೆಡುವಂತಿಲ್ಲ. ಪೈಪು ಹಾಕುವಾಗಿನ ಬೆಳೆನಷ್ಟ ಬಿಟ್ಟರೆ, ಈ ಹಕ್ಕಿಗೆ ಕಾಯಿದೆ ಕಟ್ಟಿದ ಬೆಲೆ ಜಮೀನಿನ ಪೇಟೆ ಬೆಲೆಯಲ್ಲಿ ನೂರಕ್ಕೆ ಹತ್ತು!

ಪೈಪು ಒಡೆದರೆ ಗತಿ ಏನು? ನಮ್ಮ ಕಾವೇರಿಯೇ ಹರಿದುಹೋಗುವ ತಂಜಾವೂರು ಜಿಲ್ಲೆಯ ಕದಿರಾಮಂಗಲದಲ್ಲಿ 2017ರ ಜೂನ್ 30ರಂದು ಓ.ಎನ್.ಜಿ.ಸಿ. ಪೈಪು ಸೋರಿ ಕಚ್ಚಾ ಎಣ್ಣೆ ಹೊಲಕ್ಕೆ ನುಗ್ಗಿತು. ಕೇಳಹೋದ ಹಳ್ಳಿಗರಿಗೆ ಸಿಕ್ಕಿದ್ದು ಲಾಠಿ ಏಟು, ಜೈಲು. ಅಸ್ಸಾಮಿನ ಬಾಗ್‌ಜಾನಿನಲ್ಲಿ 2020ರ ಮೇ 27ರಂದು ಆಯಿಲ್ ಇಂಡಿಯಾದ ಬಾವಿ ಸಿಡಿಯಿತು. ಜೂನ್ 9ರಂದು ಹೊತ್ತಿದ ಬೆಂಕಿ ಆರಿದ್ದು ನವೆಂಬರಿನಲ್ಲಿ. ಗದ್ದೆ, ಚಹಾ ತೋಟ, ಕೆರೆ ಎಲ್ಲದರ ಮೇಲೂ ಎಣ್ಣೆ ಬಿತ್ತು.

ಈಗ ಒಂದು ಹೊಸ ಮಾತು ಕೇಳಿಬರುತ್ತಿದೆ: "ಹೆದರಬೇಡಿ, ಗಿಡ ನೆಟ್ಟರೆ ಮಣ್ಣು ತಾನೇ ಸರಿಹೋಗುತ್ತೆ" ಅಂತ. ಈ ಮಾತಿನಲ್ಲಿ ಸತ್ಯವೂ ಇದೆ, ಮೋಸಕ್ಕೆ ದಾರಿಯೂ ಇದೆ.

ಮೊದಲು ಸತ್ಯ. ಎಣ್ಣೆ ಬಿದ್ದ ಮಣ್ಣಿನಲ್ಲಿ ನೀರು ಇಂಗುವುದಿಲ್ಲ, ಗಾಳಿ ಆಡುವುದಿಲ್ಲ, ಬೀಜ ಮೊಳೆಯುವುದಿಲ್ಲ. ಆದರೆ ಎಣ್ಣೆಯನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲೇ ಇವೆ. ಹುಲ್ಲಿನ ಜೊಂಪೆ ಬೇರು ಮಣ್ಣನ್ನು ಸಡಿಲಿಸಿ ಗಾಳಿ ಬಿಡುತ್ತೆ. ಬೇರಿನಿಂದ ಒಸರುವ ರಸ ಆ ಜೀವಿಗಳನ್ನು ಸಾಕುತ್ತೆ. ಗಿಡ ಎಣ್ಣೆಯನ್ನು ಹೀರಿ ನುಂಗುತ್ತೆ ಅನ್ನುವುದು ತಪ್ಪು. ಎಣ್ಣೆ ಕರಗಿಸುವುದು ಹೆಚ್ಚಾಗಿ ಬೇರಿನ ಬುಡದ ಜೀವಿಗಳೇ. ಅವು ಎಣ್ಣೆ ತಿನ್ನುವಾಗ ಮಣ್ಣಿನ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ಅದಕ್ಕೇ ಕೊಟ್ಟಿಗೆ ಗೊಬ್ಬರ, ಸಾರಜನಕ, ರಂಜಕ ಕೊಡಬೇಕು. ಕುದುರೆ ಮೆಂತೆಯಂಥ ದ್ವಿದಳ ಗಿಡಗಳನ್ನು ಬಳಸುವುದೂ ಇದಕ್ಕೇ.

ಲಾವಂಚದ ಹೆಸರನ್ನೂ ಹೇಳುತ್ತಾರೆ. ಗುಂಡ್ಲುಪೇಟೆ ಕಡೆಯ ರೈತರು ಬಹುಕಾಲದಿಂದ ಬದುವಿಗೆ ನೆಟ್ಟ ಹುಲ್ಲು ಅದು; ವಿಶ್ವಬ್ಯಾಂಕು ಅದನ್ನು ಲೋಕಕ್ಕೆಲ್ಲ ಸಾರಿದ್ದು 1980ರ ದಶಕದಲ್ಲಿ. ಎಣ್ಣೆ ಮಣ್ಣಿನಲ್ಲೂ ಅದು ಬದುಕುತ್ತೆ. ಆದರೆ ವೆನೆಜುವೆಲಾದ ಕಚ್ಚಾ ಎಣ್ಣೆ ಮಣ್ಣಿನಲ್ಲಿ ಪರೀಕ್ಷಿಸಿದಾಗ ಹುಲ್ಲು ಬದುಕಿತೇ ಹೊರತು ಎಣ್ಣೆ ಬೇಗ ಕರಗಲಿಲ್ಲ. ಬದುಕುವುದು ಬೇರೆ, ಶುದ್ಧಿ ಮಾಡುವುದು ಬೇರೆ.

ಮಿತಿ ಇನ್ನೂ ಇದೆ. ಬೇರು ಇಳಿದಷ್ಟೇ ಆಳಕ್ಕೆ ಕೆಲಸ. ಎಣ್ಣೆ ಮಡುಗಟ್ಟಿದ ಕಡೆ ಹುಲ್ಲೂ ಬಾರದು. ಮೊದಲು ಎಣ್ಣೆಯನ್ನು ತೆಗೆಯಲೇಬೇಕು. ಡೀಸೆಲ್ಲು ಬೇಗ ಕರಗೀತು, ಕಚ್ಚಾ ಎಣ್ಣೆಯ ಗಟ್ಟಿ ಭಾಗ ವರ್ಷಗಟ್ಟಲೆ ಕೂರುತ್ತೆ. ಆ ಹುಲ್ಲನ್ನು ದನಕ್ಕೆ ಹಾಕಬಾರದು. ಇನ್ನು ನಮ್ಮ ಪಂಪ್‌ಸೆಟ್ಟಿನ ಬುಡದಲ್ಲಿ ನಾವೇ ಸುರಿಯುವ ಟ್ರ್ಯಾಕ್ಟರಿನ ಸುಟ್ಟ ಎಣ್ಣೆಯಲ್ಲಿ ಸೀಸ, ಸತುವಿನಂಥ ಲೋಹ ಇರುತ್ತೆ. ಅದನ್ನು ಯಾವ ಜೀವಿಯೂ ತಿಂದು ಮುಗಿಸದು. ಆ ಚಾಳಿಯನ್ನು ನಾವು ಇವತ್ತೇ ಬಿಡಬೇಕು.

ಈಗ ಲೆಕ್ಕಕ್ಕೆ ಬನ್ನಿ. ಹುಲ್ಲು ತನ್ನ ಕೆಲಸ ಮುಗಿಸುವವರೆಗೆ ಎರಡು ಮೂರು ವರ್ಷ ಹೊಲದಲ್ಲಿ ಮಾರುವ ಬೆಳೆ ಇಲ್ಲ. ಸೊಸೈಟಿ ಸಾಲದ ಗಡುವು ಹುಲ್ಲಿಗೋಸ್ಕರ ಕಾಯುತ್ತದೆಯೇ? ಗಡುವು ತಪ್ಪಿದರೆ ಬಡ್ಡಿ ರಿಯಾಯಿತಿಯೂ ತಪ್ಪುತ್ತೆ. ಒಂದು ಬೆಳೆಯ ಪರಿಹಾರ ಕೊಟ್ಟು, ನಾಲ್ಕು ಸಸಿ ನೆಟ್ಟು, ಫೋಟೋ ಹೊಡೆಸಿಕೊಂಡು ಹೋದರೆ ಉಳಿದ ವರ್ಷಗಳ ನಷ್ಟ ರೈತನ ಸಾಲದ ಖಾತೆಗೆ ಬೀಳುತ್ತೆ. ಅಗ್ಗದ ಮದ್ದು ಅಂತ ಹೊಗಳುವವರು ಕೂಲಿ, ಗೊಬ್ಬರದ ಲೆಕ್ಕ ಹಾಕುತ್ತಾರೆ, ನಮ್ಮ ಕಾಯುವಿಕೆಯ ಲೆಕ್ಕ ಹಾಕುವುದಿಲ್ಲ.

ಆದ್ದರಿಂದ ಎಣ್ಣೆ ಬಿದ್ದ ದಿನವೇ ಸರ್ವೆ ನಂಬರು ಹಾಕಿ ಮಹಜರು ಮಾಡಿಸಿ. ಎಣ್ಣೆ ಬಿದ್ದ ಮಣ್ಣು, ಪಕ್ಕದ ಒಳ್ಳೆ ಮಣ್ಣು, ಎರಡರದ್ದೂ ಪರೀಕ್ಷೆ ಆಗಲಿ. ಅವಸರದಲ್ಲಿ ಉತ್ತು ಎಣ್ಣೆಯನ್ನು ಆಳಕ್ಕೆ ತಳ್ಳಬೇಡಿ. ಬದು ಹಾಕಿ ತಡೆಯಿರಿ. 2010ರ ಹಸಿರು ನ್ಯಾಯಮಂಡಳಿ ಕಾಯಿದೆ ಪ್ರಕಾರ ಕೆಡಿಸಿದವನೇ ದಂಡ ತೆರಬೇಕು. ಅಪಘಾತವಾದರೆ ಕಂಪೆನಿಯ ತಪ್ಪನ್ನು ನೀವು ಸಾಬೀತು ಮಾಡಬೇಕಿಲ್ಲ. ಪರಿಹಾರಕ್ಕೂ ಭೂಮಿ ಸರಿಪಡಿಸುವುದಕ್ಕೂ ಐದು ವರ್ಷದೊಳಗೆ ಅರ್ಜಿ ಹಾಕಬಹುದು. ಬಾಗ್‌ಜಾನ್ ವಿಷಯದಲ್ಲಿ ಇದೇ ಮಂಡಳಿ ಕಂಪೆನಿಯಿಂದ ಮೊದಲಿಗೇ 25 ಕೋಟಿ ರೂಪಾಯಿ ಕಟ್ಟಿಸಲು ಆಜ್ಞೆ ಮಾಡಿತು.

ನಮ್ಮ ಬೇಡಿಕೆ ಇಷ್ಟೇ: ಮಣ್ಣು ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಪ್ರತಿ ಬೆಳೆಯ ನಷ್ಟ ಕಂಪೆನಿ ಕೊಡಬೇಕು, ಅಲ್ಲಿವರೆಗೆ ಬೆಳೆಸಾಲದ ವಸೂಲಿ ನಿಲ್ಲಬೇಕು. ಹುಲ್ಲು ನೆಡೋಣ, ಗೊಬ್ಬರ ಹಾಕೋಣ. ಆದರೆ ಬಿಲ್ಲು ಎಣ್ಣೆ ಚೆಲ್ಲಿದವರ ಹೆಸರಿಗೇ ಹೋಗಲಿ.