ತೋಳದ ತಲೆಗೆ ಕಟ್ಟಿದ ಲೆಕ್ಕ

2021ರ ಫೆಬ್ರುವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ತೋಳಬೇಟೆ ನಡೆಯಿತು. ಕೊಲ್ಲಬಹುದಾದ ತೋಳಗಳಿಗೆ 200ರ ಮಿತಿ ಹಾಕಲಾಗಿತ್ತು. ಅದರಲ್ಲಿ 81 ಒಜಿಬ್ವೆ ಮೂಲನಿವಾಸಿಗಳ ಪಾಲು. ತೋಳವನ್ನು ಒಡಹುಟ್ಟಿದವನೆಂದು ತಿಳಿಯುವ ಆ ಜನ ಒಂದನ್ನೂ ಕೊಲ್ಲಬಾರದೆಂದು ತೀರ್ಮಾನಿಸಿದರು. ಉಳಿದ 119 ಲೈಸೆನ್ಸ್ ಪಡೆದ ಬೇಟೆಗಾರರದು. ಮೂರು ದಿನ ತುಂಬುವ ಮೊದಲೇ ಅವರು 218 ತೋಳಗಳನ್ನು ಕೊಂದಿದ್ದರು. ಹೆಚ್ಚಿನವನ್ನು ಬೇಟೆನಾಯಿಗಳ ಹಿಂಡು ಬಿಟ್ಟು ಅಟ್ಟಿಸಿ ಕೊಂದರು, ಅದೂ ತೋಳಗಳು ಬೆದೆಗೆ ಬರುವ ಕಾಲದಲ್ಲಿ. ಬೇಟೆಯನ್ನು ನವೆಂಬರಿಗೆ ಇಟ್ಟುಕೊಳ್ಳೋಣ, ಅಷ್ಟರಲ್ಲಿ ಸರಿಯಾದ ಯೋಜನೆ ಮಾಡೋಣ ಎಂದು ರಾಜ್ಯದ ವನ್ಯಜೀವಿ ಅಧಿಕಾರಿಗಳು ಬಯಸಿದ್ದರು. ಬೇಟೆಗಾರರ ಸಂಘಟನೆಯೊಂದು ಕೋರ್ಟಿಗೆ ಹೋಗಿ, ಈಗಲೇ ಬೇಟೆ ನಡೆಸಿ ಎಂಬ ಆದೇಶ ತಂದಿತು.

ಇಷ್ಟು ಅವಸರಕ್ಕೆ ಕೊಟ್ಟ ಕಾರಣಗಳಲ್ಲಿ ದೊಡ್ಡದು ಜಿಂಕೆ. ತೋಳ ಹೆಚ್ಚಿತು, ಜಿಂಕೆ ಕಡಿಮೆಯಾಯಿತು, ನಮ್ಮ ಪಾಲು ಅದರ ಹೊಟ್ಟೆ ಸೇರಿತು ಎನ್ನುವುದು ವಾದ. ವಿಸ್ಕಾನ್ಸಿನ್‌ನಲ್ಲಿ ಆಗ ಇದ್ದದ್ದು ಸುಮಾರು ಸಾವಿರ ತೋಳ. ಒಂದು ತೋಳ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಜಿಂಕೆ ತಿನ್ನುತ್ತದೆ ಎಂದಿಟ್ಟುಕೊಂಡರೂ ಒಟ್ಟು 20,000 ದಾಟದು. ಅದೇ ರಾಜ್ಯದ ಬೇಟೆಗಾರರು ವರ್ಷಕ್ಕೆ ಸುಮಾರು 3 ಲಕ್ಷ ಜಿಂಕೆ ಹೊಡೆಯುತ್ತಾರೆ. ಅಷ್ಟಾಗಿಯೂ ಅಲ್ಲಿ 15 ಲಕ್ಷಕ್ಕೂ ಮಿಕ್ಕಿ ಜಿಂಕೆಗಳಿವೆ. ಉತ್ತರದ ಕಾಡಂಚಿನ ಕೌಂಟಿಗಳಲ್ಲಿ ತೋಳಗಳು ಒತ್ತಾಗಿವೆ, ಅಲ್ಲಿ ಅವುಗಳ ಹೊರೆ ಹೆಚ್ಚು, ನಿಜ. ಆದರೆ ಅಲ್ಲಿ ಜಿಂಕೆಗಳ ಏರಿಳಿತವನ್ನು ಬಹುಮಟ್ಟಿಗೆ ನಿರ್ಧರಿಸುವುದು ಸೊಂಟದೆತ್ತರ ಹಿಮ ಬೀಳುವ ಚಳಿಗಾಲ.

ಬೇಟೆಗಾರರು ತೋಳದ ಬಗ್ಗೆ ವಾದ ಮಾಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಕಾಡಿನಲ್ಲಿ ವಾರಗಟ್ಟಲೆ ಅಲೆಯುವವನಿಗೆ ಕಣ್ಣಾರೆ ಕಂಡದ್ದನ್ನು ಹೇಳುವ ಹಕ್ಕಿದೆ. ನಮ್ಮನ್ನು ದಿಗಿಲುಗೊಳಿಸಿರುವುದು ಬೇರೆ. ಮೂವತ್ತು ವರ್ಷಗಳಿಂದ ಈ ವಾದ ನಡೆದಿದೆ. ಅದಕ್ಕೆ ಉತ್ತರ ಕೊಡಬಲ್ಲ ಎಣಿಕೆ, ಅಧ್ಯಯನ, ಅಂಕಿ ಎಲ್ಲವೂ ಕೂಡಿಬಂದಿವೆ. ಉತ್ತರ ಕೈಗೆ ಬರುತ್ತಿರುವಾಗಲೇ ತೋಳವಿರುವ ರಾಜ್ಯಗಳ ಸಾರ್ವಜನಿಕ ಜೀವನ ಅದಕ್ಕೆ ಬೆನ್ನು ತಿರುಗಿಸಿ ಕೂತಿದೆ. ತೋಳದ ಹಣೆಬರಹವನ್ನು ಈಗ ಬರೆಯುತ್ತಿರುವವರು ಎಣಿಸುವವರಲ್ಲ, ಕೂಗುವವರು.

ಬೇಟೆಗಾರರ ದೂರಿನಲ್ಲಿ ಹುರುಳಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಎಲ್ಕ್ ಎಂಬುದು ನಮ್ಮ ಕಡವೆಯನ್ನೂ ಮೀರಿಸುವ ಗಾತ್ರದ ಜಿಂಕೆ. ಪಶ್ಚಿಮದ ರಾಜ್ಯಗಳಾದ ಮಾಂಟಾನಾ, ಐಡಾಹೊ, ವಯೋಮಿಂಗ್‌ಗಳಲ್ಲಿ ಒಂದು ಎಲ್ಕ್ ಹೊಡೆದರೆ ಒಂದು ಕುಟುಂಬದ ಚಳಿಗಾಲದ ಮಾಂಸಕ್ಕೆ ಚಿಂತೆಯಿಲ್ಲ. ಈ ಮೂರು ರಾಜ್ಯಗಳಲ್ಲಿ ಹರಡಿರುವ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕೊನೆಯ ತೋಳಗಳನ್ನು ಸರ್ಕಾರವೇ 1926ರಲ್ಲಿ ಕೊಲ್ಲಿಸಿತ್ತು. ಸುಮಾರು ಎಪ್ಪತ್ತು ವರ್ಷಗಳ ಮೇಲೆ, 1995 ಮತ್ತು 1996ರಲ್ಲಿ, ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ಅದಕ್ಕೆ ತುಸು ಮೊದಲು ಉದ್ಯಾನದ ಉತ್ತರದ ಎಲ್ಕ್ ಹಿಂಡಿನಲ್ಲಿ ಎಣಿಕೆಗೆ ಸಿಕ್ಕದ್ದು 19,000. 2013ರಲ್ಲಿ ಸಿಕ್ಕದ್ದು 4,000ಕ್ಕೂ ಕಡಿಮೆ. ಉದ್ಯಾನದ ಅಂಚಿನ ಗಾರ್ಡಿನರ್ ಊರಿನಲ್ಲಿ ಬೇಟೆಗಾರರನ್ನು ಕುದುರೆಯ ಮೇಲೆ ಕಾಡಿಗೆ ಕರೆದೊಯ್ದು ಬದುಕುತ್ತಿದ್ದ ಮನೆತನಗಳ ಕಸುಬು ಕುಸಿಯಿತು. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ತೋಳದ ಮೇಲೆಯೇ ಅನುಮಾನ ಬರುತ್ತದೆ.

ಆದರೆ ಅವೆರಡರ ನಡುವೆ ನಡೆದದ್ದನ್ನೂ ನೋಡಬೇಕು. 1996-97ರ ಚಳಿಗಾಲ ಭೀಕರವಾಗಿತ್ತು. ಎಲ್ಕ್‌ಗಳು ಸಾವಿರಗಟ್ಟಲೆ ಸತ್ತವು. ಆಮೇಲೆ ವರ್ಷಗಟ್ಟಲೆ ಬರ. ಅದೇ ಹೊತ್ತಿಗೆ ಗ್ರಿಜ್ಲಿ ಕರಡಿ, ಪೂಮಾಗಳ ಸಂಖ್ಯೆಯೂ ಏರಿತು. 2003ರಿಂದ 2005ರವರೆಗೆ ಎಲ್ಕ್ ಮರಿಗಳಿಗೆ ರೇಡಿಯೊ ಪಟ್ಟಿ ಕಟ್ಟಿ ನೋಡಿದಾಗ, ಸತ್ತ ಮರಿಗಳಲ್ಲಿ ಶೇ 60ರಷ್ಟನ್ನು ಕೊಂದದ್ದು ಕರಡಿ ಎಂದು ತಿಳಿಯಿತು. ತೋಳದ ಪಾಲು ಶೇ 20ಕ್ಕಿಂತ ಕಡಿಮೆ. ಜೊತೆಗೆ, ಚಳಿಗಾಲದ ನಡುವೆ ಉದ್ಯಾನದಿಂದ ಕೆಳಗಿಳಿದು ಬರುವ ಹೆಣ್ಣು ಎಲ್ಕ್‌ಗಳನ್ನು ಹೊಡೆಯಲು ಮಾಂಟಾನಾ ಸರ್ಕಾರವೇ ಪರವಾನಗಿ ಹಂಚುತ್ತಿತ್ತು. ಹಿಂಡು ತೀರಾ ದೊಡ್ಡದಾಗಿದೆ, ಇಳಿಸಬೇಕು ಎಂಬುದೇ ಆ ಬೇಟೆಯ ಉದ್ದೇಶ. ಕೆಲವು ವರ್ಷ ಸಾವಿರಕ್ಕೂ ಹೆಚ್ಚು ಎಲ್ಕ್ ಬಿದ್ದವು. ಹಿಂಡು ಬಹಳಷ್ಟು ಇಳಿದ ಮೇಲೂ ಈ ಬೇಟೆ 2010ರ ಹತ್ತಿರದವರೆಗೆ ನಡೆಯಿತು. ತೋಳ ಕೊಂದ ಹೆಣ್ಣು ಎಲ್ಕ್‌ಗಳ ಸರಾಸರಿ ವಯಸ್ಸು ಹದಿನಾಲ್ಕರ ಆಸುಪಾಸು, ಮರಿ ಹಾಕುವ ಕಾಲ ಬಹುತೇಕ ಮುಗಿದಂಥವು. ಬೇಟೆಗಾರರು ಹೊಡೆದವುಗಳದು ಆರರ ಆಸುಪಾಸು. ಹಿಂಡು ಬೆಳೆಸುವ ವಯಸ್ಸಿನ ತಾಯಂದಿರನ್ನು ತೆಗೆದದ್ದು ಬಂದೂಕು.

19,000 ಎಂಬ ಸಂಖ್ಯೆಯನ್ನೇ ಕಾಡಿನ ಸಹಜ ಅಳತೆ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ತೋಳವಿಲ್ಲದ ಕಾಲದಲ್ಲಿ ಎಲ್ಕ್‌ಗಳು ಮಿತಿಮೀರಿ ಹುಲ್ಲು, ಎಳೆ ಮರ ಎಲ್ಲವನ್ನೂ ಮೇಯುತ್ತಿವೆ ಎಂದು ಉದ್ಯಾನದ ರೇಂಜರ್‌ಗಳೇ ಬಂದೂಕು ಹಿಡಿದಿದ್ದರು. 1961-62ರ ಒಂದೇ ಚಳಿಗಾಲದಲ್ಲಿ ಅವರು ಕೊಂದದ್ದು 4,000ಕ್ಕೂ ಹೆಚ್ಚು. 1968ರ ವೇಳೆಗೆ ಹಿಂಡು 5,000ಕ್ಕಿಂತ ಕೆಳಗಿಳಿದಿತ್ತು, ಸುತ್ತ ಒಂದು ತೋಳವೂ ಇಲ್ಲದ ದಿನಗಳಲ್ಲಿ. ಕೊಲ್ಲುವುದು ನಿಂತ ಮೇಲೆ ಎಲ್ಕ್ ಏರುತ್ತ ಹೋಗಿ 19,000 ಮುಟ್ಟಿತು. ಇಂದಿನ ಬೇಟೆಗಾರರು ಹಂಬಲಿಸುವ ಹಳೆಯ ಒಳ್ಳೆಯ ದಿನಗಳು ಆ ಏರಿಕೆಯ ತುತ್ತತುದಿ.

ತೋಳದ ಮೇಲೆ ಗಟ್ಟಿಯಾಗಿ ನಿಲ್ಲುವ ದೂರು ಇಲ್ಲವೆಂದಲ್ಲ. ಐಡಾಹೊದ ಲೋಲೊ ಪ್ರದೇಶದಲ್ಲಿ 1989ರಲ್ಲಿ 16,000ದಷ್ಟಿದ್ದ ಎಲ್ಕ್ 2010ರ ಹೊತ್ತಿಗೆ 2,000ದ ಹತ್ತಿರಕ್ಕೆ ಬಂತು. 1910ರ ಮಹಾ ಕಾಳ್ಗಿಚ್ಚಿನ ನಂತರ ಚಿಗುರಿದ್ದ ಮೇವುಗಾಡು ದಶಕಗಳಲ್ಲಿ ದಟ್ಟಾರಣ್ಯವಾಗಿ ಬೆಳೆದು ಎಲ್ಕ್‌ಗೆ ಮೇವು ಸಿಗದಾದದ್ದು ಮೂಲ ಕಾರಣ. ತೋಳಗಳು ಬರುವ ಮೊದಲೇ ಇಳಿಕೆ ಶುರುವಾಗಿತ್ತು. ಆದರೆ ಹಾಗೆ ಸೊರಗಿದ ಹಿಂಡು ಮತ್ತೆ ಮೇಲೇಳದಂತೆ ಹಿಡಿದಿಟ್ಟಿರುವುದರಲ್ಲಿ ತೋಳದ ಪಾಲು ದೊಡ್ಡದು. ಅಲ್ಲಿನ ಬೇಟೆಗಾರ ಇದನ್ನು ಹೇಳಿದರೆ ಅವನ ಮಾತು ಸತ್ಯ. ಲೋಲೊದ ಸತ್ಯವನ್ನು ಹೊತ್ತೊಯ್ದು ಇಡೀ ಐಡಾಹೊಗೆ ಹೊದಿಸಿದಾಗ ಅದು ಸುಳ್ಳಾಗುತ್ತದೆ. ಅದೇ ಐಡಾಹೊದಲ್ಲಿ 2020ರಲ್ಲಿ ಬೇಟೆಗಾರರು 20,000ಕ್ಕೂ ಹೆಚ್ಚು ಎಲ್ಕ್ ಹೊಡೆದರು.

ಮಾಂಟಾನಾದ ಬಿಟರ್‌ರೂಟ್ ಕಣಿವೆಯ ಕತೆಯನ್ನು ಪ್ರತಿ ಬೇಟೆಗಾರ ಸಂಘವೂ ಗೋಡೆಗೆ ಬರೆದು ಹಾಕಿಕೊಳ್ಳಬೇಕು. ಅಲ್ಲಿ ಎಲ್ಕ್ ಮರಿಗಳು ಉಳಿಯುತ್ತಿರಲಿಲ್ಲ. ತೋಳವೇ ಕಾರಣ ಎಂದು ಊರಿಗೆ ಊರೇ ನಂಬಿತ್ತು. ಆದರೂ ಸ್ಥಳೀಯ ಬೇಟೆಗಾರರು ತಾವೇ ಹಣ ಕೂಡಿಸಿ ಅಧ್ಯಯನಕ್ಕೆ ಕೈಜೋಡಿಸಿದರು. 2011ರಿಂದ ಮೂರು ವರ್ಷ ಸಂಶೋಧಕರು ಮರಿಗಳಿಗೆ ರೇಡಿಯೊ ಕಟ್ಟಿ, ಸತ್ತ ಪ್ರತಿಯೊಂದರ ಬಳಿಗೂ ಹೋಗಿ, ಹಲ್ಲಿನ ಗುರುತು ನೋಡಿದರು. ಮರಿಗಳನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿದ್ದದ್ದು ಪೂಮಾ. ತೋಳದ ಪಾಲು ಅದಕ್ಕಿಂತ ಎಷ್ಟೋ ಕಡಿಮೆ. ತಾವು ನಂಬಿದ್ದು ಸುಳ್ಳಾಗಬಹುದೆಂದು ಗೊತ್ತಿದ್ದೂ ಜೇಬಿನಿಂದ ಹಣ ತೆಗೆದವರು ಅವರು. ಆ ದೊಡ್ಡತನಕ್ಕೆ ನಾವು ತಲೆಬಾಗುತ್ತೇವೆ.

ಅದೇ ಮಾಂಟಾನಾದಲ್ಲಿ 2021ರಲ್ಲಿ ಏನಾಯಿತು? ತೋಳಗಳ ಸಂಖ್ಯೆಯನ್ನು ಇಳಿಸಲೇಬೇಕೆಂದು ಶಾಸನಸಭೆ ಕಾನೂನು ಮಾಡಿತು. ಉರುಳು ಹಾಕಬಹುದು, ಮಾಂಸವಿಟ್ಟು ಕರೆದು ಹೊಡೆಯಬಹುದು, ಖಾಸಗಿ ಜಮೀನಿನಲ್ಲಿ ರಾತ್ರಿಯೂ ಬೇಟೆಯಾಡಬಹುದು, ತೋಳ ಕೊಂದವನ ಖರ್ಚನ್ನು ಸಂಘಟನೆಗಳು ತುಂಬಿಕೊಡಬಹುದು. ಆಗ ಮಾಂಟಾನಾದಲ್ಲಿ 1.3 ಲಕ್ಷಕ್ಕೂ ಹೆಚ್ಚು ಎಲ್ಕ್‌ಗಳಿದ್ದವು. ಇರಬೇಕೆಂದು ರಾಜ್ಯವೇ ಹಾಕಿಕೊಂಡಿದ್ದ ಗುರಿ ಸುಮಾರು 92,000. ಹೊಲಗದ್ದೆಗೆ ಎಲ್ಕ್ ನುಗ್ಗುತ್ತಿವೆ, ಇಳಿಸಿ ಎಂದು ರೈತರು ಗೋಗರೆಯುತ್ತಿದ್ದರು. ಸಾಮಾನ್ಯ ಬೇಟೆಗಾರನಿಗೆ ಎಲ್ಕ್ ಸಿಗದಿರುವುದಕ್ಕೆ ದೊಡ್ಡ ಕಾರಣ, ಅವು ಸಿರಿವಂತರ ವಿಶಾಲ ಖಾಸಗಿ ರಾಂಚ್‌ಗಳ ಬೇಲಿಯೊಳಗೆ ಸೇರಿಕೊಂಡದ್ದು. ಆ ಬೇಲಿಯನ್ನು ಮುಟ್ಟಲು ಶಾಸಕರಿಗೆ ಧೈರ್ಯವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಲ್ಲ ಸಿಟ್ಟೂ ತೋಳದ ಮೈಮೇಲೆ ಬಿತ್ತು. ಐಡಾಹೊ ಇನ್ನೂ ಮುಂದೆ ಹೋಗಿ, ಸುಮಾರು 1,500 ತೋಳಗಳನ್ನು 150ಕ್ಕೆ ಇಳಿಸುವ ಮಾತಾಡುತ್ತ, ಒಬ್ಬ ಬೇಟೆಗಾರ ಎಷ್ಟು ತೋಳ ಬೇಕಾದರೂ ಕೊಲ್ಲಬಹುದೆಂದಿತು. ಯೆಲ್ಲೋಸ್ಟೋನ್ ಗಡಿಯಲ್ಲಿದ್ದ ಮಿತಿಯನ್ನೂ ಮಾಂಟಾನಾ ತೆಗೆದ ಆ ಚಳಿಗಾಲದಲ್ಲಿ ಉದ್ಯಾನದ 25 ತೋಳಗಳು ಗೆರೆ ದಾಟಿ ಸತ್ತವು. ಅಲ್ಲಿದ್ದವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು.

ಈ ಇಳಿಜಾರು ಒಂದೇ ವರ್ಷದಲ್ಲಿ ಆದದ್ದಲ್ಲ. 1995ರಲ್ಲೇ ಐಡಾಹೊ ಶಾಸನಸಭೆ ತೋಳವನ್ನು ಮರಳಿ ತರುವ ಕೆಲಸದಲ್ಲಿ ಭಾಗವಹಿಸಬಾರದೆಂದು ತನ್ನ ವನ್ಯಜೀವಿ ಇಲಾಖೆಯ ಕೈಕಟ್ಟಿತು. ಅಲ್ಲಿ ತೋಳಗಳನ್ನು ನೋಡಿಕೊಂಡವರು ನೆಜ್ ಪರ್ಸ್ ಬುಡಕಟ್ಟಿನವರು. 2011ರಲ್ಲಿ ಅಮೆರಿಕದ ಸಂಸತ್ತು ಬಜೆಟ್ ಮಸೂದೆಯೊಳಗೆ ನಾಲ್ಕು ಸಾಲು ಸೇರಿಸಿ ಐಡಾಹೊ, ಮಾಂಟಾನಾಗಳ ತೋಳಕ್ಕಿದ್ದ ರಕ್ಷಣೆಯನ್ನು ಕಿತ್ತಿತು. ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತೆಯೂ ಇಲ್ಲ ಎಂದಿತು. ಒಂದು ಪ್ರಾಣಿಯನ್ನು ಸಂಸತ್ತೇ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ತೆಗೆದದ್ದು ಅದೇ ಮೊದಲು. 2021ರಲ್ಲಿ ಮಾಂಟಾನಾದ ರಾಜ್ಯಪಾಲ ಗ್ರೆಗ್ ಜಿಯಾನ್‌ಫೋರ್ಟೆ, ಕಡ್ಡಾಯ ತರಬೇತಿ ಪಡೆಯದೆಯೇ ಬಲೆಯೊಡ್ಡಿ ಯೆಲ್ಲೋಸ್ಟೋನ್‌ನ ರೇಡಿಯೊ ಪಟ್ಟಿಯ ತೋಳವೊಂದನ್ನು ಕೊಂದರು. ಅವರಿಗೆ ಸಿಕ್ಕದ್ದು ಲಿಖಿತ ಎಚ್ಚರಿಕೆ. ರಾಜ್ಯದ ಮೊದಲ ಪ್ರಜೆಗೇ ನಿಯಮ ಹಗುರವಾದರೆ ಉಳಿದವರಿಗೆ ಯಾವ ಬಾಯಿಂದ ಹೇಳುವುದು? 2024ರ ಫೆಬ್ರುವರಿಯಲ್ಲಿ ವಯೋಮಿಂಗ್‌ನ ಡೇನಿಯಲ್ ಎಂಬ ಪುಟ್ಟ ಊರಿನಲ್ಲಿ ಒಬ್ಬಾತ ಸ್ನೋಮೊಬೈಲ್ ಹತ್ತಿಸಿ ತೋಳವೊಂದನ್ನು ಜಜ್ಜಿ, ಜೀವವಿದ್ದಂತೆಯೇ ಅದರ ಬಾಯಿಗೆ ಟೇಪು ಸುತ್ತಿ, ಬಾರಿಗೆ ತಂದು ಪ್ರದರ್ಶಿಸಿ ಆಮೇಲೆ ಕೊಂದ. ಮೊದಲಿಗೆ ವಿಧಿಸಿದ ದಂಡ 250 ಡಾಲರ್, ಅದೂ ಜೀವಂತ ಕಾಡುಪ್ರಾಣಿಯನ್ನು ಇಟ್ಟುಕೊಂಡ ತಪ್ಪಿಗೆ. ಆ ರಾಜ್ಯದ ಶೇ 85ರಷ್ಟು ನೆಲದಲ್ಲಿ ತೋಳವನ್ನು ಯಾರು, ಯಾವಾಗ ಬೇಕಾದರೂ ಕೊಲ್ಲಬಹುದು.

ಅಮೆರಿಕದ ಬೇಟೆಗಾರರ ಚರಿತ್ರೆ ಗೊತ್ತಿರುವುದರಿಂದಲೇ ನಮ್ಮ ಸಂಕಟ ಹೆಚ್ಚು. ನೂರು ವರ್ಷಗಳ ಹಿಂದೆ ಎಲ್ಕ್ ಲಕ್ಷಕ್ಕಿಂತ ಕಡಿಮೆಗೆ ಇಳಿದಿತ್ತು. ಅದನ್ನು ಇಂದು ಸುಮಾರು 10 ಲಕ್ಷಕ್ಕೆ ತಂದದ್ದರಲ್ಲಿ ಬೇಟೆಗಾರರ ಹಣವಿದೆ. ಬಂದೂಕು, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗೇ ಮೀಸಲಿಡುವ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ 1937ರಲ್ಲಿ ಬಂದಾಗ ಅದನ್ನು ಬೆಂಬಲಿಸಿದವರು ಅವರೇ. ಆದರೆ 1980ರ ದಶಕದ ಆರಂಭದಲ್ಲಿ 1.7 ಕೋಟಿಯಷ್ಟಿದ್ದ ಬೇಟೆಗಾರರು 2016ಕ್ಕೆ 1.15 ಕೋಟಿಗೆ ಇಳಿದಿದ್ದರು. ಲೈಸೆನ್ಸ್ ಹಣವನ್ನೇ ನೆಚ್ಚಿದ ಇಲಾಖೆಗಳು ಉಳಿದವರನ್ನು ಕಳೆದುಕೊಳ್ಳಲು ಹೆದರುತ್ತವೆ. ಇಲಾಖೆಯ ಜೀವಶಾಸ್ತ್ರಜ್ಞನ ಬಳಿ ಅಂಕಿಯಿರುತ್ತದೆ, ಅದನ್ನು ಗಟ್ಟಿಯಾಗಿ ಹೇಳುವ ಬಲ ಇರುವುದಿಲ್ಲ.

ತೋಳದ ಪರ ನಿಂತವರೂ ಸಾರ್ವಜನಿಕ ಚರ್ಚೆಯ ಈ ಕುಸಿತಕ್ಕೆ ಕೈಹಚ್ಚಿದ್ದಾರೆ. ತೋಳ ಬಂದು ಯೆಲ್ಲೋಸ್ಟೋನ್‌ನ ನದಿಗಳ ದಿಕ್ಕನ್ನೇ ಬದಲಿಸಿತು ಎಂಬ ಕಿರುಚಿತ್ರವನ್ನು ಕೋಟ್ಯಂತರ ಜನ ನೋಡಿದರು. ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಯವರು 20 ವರ್ಷ ಹೊಳೆದಂಡೆಯ ವಿಲೋ ಗಿಡಗಳನ್ನು ಅಳೆದು ನೋಡಿದರೆ ಚೇತರಿಕೆ ಹೇಳಿದಷ್ಟಿಲ್ಲ. ಕೊಲರಾಡೊದಲ್ಲಿ ತೋಳ ಬಿಡಬೇಕೋ ಬೇಡವೋ ಎಂಬುದನ್ನು 2020ರಲ್ಲಿ ಜನಮತಕ್ಕೆ ಹಾಕಿದಾಗ ತೋಳದ ಪರದವರು ಕೂದಲೆಳೆಯ ಅಂತರದಲ್ಲಿ ಗೆದ್ದರು. ಗೆಲ್ಲಿಸಿದ್ದು ನಗರಗಳ ಮತ, ಕುರಿ ದನ ಕಳೆದುಕೊಳ್ಳಬೇಕಾದದ್ದು ಮಲೆಯಾಚೆಯ ಹಳ್ಳಿಗಳು. ಪವಾಡ ಹೇಳಿ ತೋಳವನ್ನು ತಂದವರಿಗೆ, ನಾಳೆ ಪವಾಡ ನಡೆಯದಿದ್ದಾಗ ಅದನ್ನು ಉಳಿಸಿಕೊಳ್ಳುವ ಮಾತು ಇರುವುದಿಲ್ಲ.

ನಮ್ಮ ಕರ್ನಾಟಕದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಂಥ ಬೇಟೆಯೇ ಇಲ್ಲ. ಕೊಪ್ಪಳದ ಗಂಗಾವತಿ ಬಳಿಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಿದೆ. ಸುತ್ತಲ ಕುರಿಗಾಹಿಗಳು ಪ್ರತಿ ವರ್ಷ ಕುರಿಮರಿಗಳನ್ನು ಕಳೆದುಕೊಳ್ಳುತ್ತಲೇ ತೋಳಗಳೊಡನೆ ಬದುಕುತ್ತಾರೆ. ಆದರೆ ಚಿರತೆ, ಕಾಡಾನೆಗಳ ವಿಷಯದಲ್ಲಿ ಎಣಿಕೆಯ ವರದಿ ಬರುವ ಮೊದಲೇ ವೇದಿಕೆಯ ಮೇಲೆ ತೀರ್ಪು ಹೊರಡುವುದನ್ನು ನಾವೂ ಕೇಳುತ್ತಿದ್ದೇವೆ.

ಅಮೆರಿಕದಲ್ಲಿ ತೋಳದ ಮೇಲೆ ಕೂಗಾಡುತ್ತಿರುವ ಹೊತ್ತಿನಲ್ಲಿ ಜಿಂಕೆಗಳ ನಿಜವಾದ ಯಮ ಒಳಗೆ ಬಂದು ಕೂತಿದ್ದಾನೆ. ಕ್ರಾನಿಕ್ ವೇಸ್ಟಿಂಗ್ ಎಂಬ ರೋಗ ಜಿಂಕೆ, ಎಲ್ಕ್‌ಗಳ ಮಿದುಳನ್ನು ತೂತು ತೂತು ಮಾಡಿ, ಎಲುಬಿನ ಹಂದರವಾಗಿಸಿ ಕೊಲ್ಲುತ್ತದೆ. ಮದ್ದಿಲ್ಲ, ಲಸಿಕೆಯಿಲ್ಲ. ಸೋಂಕು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಪತ್ತೆಯಾಯಿತು. ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. 2023ರಲ್ಲಿ ಯೆಲ್ಲೋಸ್ಟೋನ್ ಒಳಗೇ ಸತ್ತ ಜಿಂಕೆಯಲ್ಲಿ ಸಿಕ್ಕಿತು. ರೋಗ ಹಿಡಿದು ಕಾಲೆಳೆಯುವ ಪ್ರಾಣಿಯನ್ನು ಮೊದಲು ಹಿಡಿಯುವುದು ತೋಳ. ಅದರಿಂದ ರೋಗ ಹರಡುವುದು ತಗ್ಗಬಹುದೆಂದು ಕೆಲವು ಸಂಶೋಧಕರ ಲೆಕ್ಕಾಚಾರ, ಇನ್ನೂ ಸಾಬೀತಾಗಿಲ್ಲ. ವಯೋಮಿಂಗ್ ಸರ್ಕಾರವಾದರೋ ಚಳಿಗಾಲವಿಡೀ ಹುಲ್ಲು ಹಾಕಿ ಸಾವಿರಾರು ಎಲ್ಕ್‌ಗಳನ್ನು ಒಂದೇ ಕಡೆ ಮೂತಿಗೆ ಮೂತಿ ತಾಗುವಂತೆ ನಿಲ್ಲಿಸುತ್ತಿದೆ. ಅದನ್ನು ನಿಲ್ಲಿಸಿ ಎಂಬ ಕೂಗು ಬೇಟೆಗಾರರ ಸಭೆಗಳಿಂದ ಮೊದಲು ಏಳಬೇಕಿತ್ತು.

ಬಿಟರ್‌ರೂಟ್‌ನಲ್ಲಿ ಕಂಡ ಬೇಟೆಗಾರ ಇನ್ನೂ ಇದ್ದಾನೆ. ಅವನೇ ಈಗ ಮಾತಾಡಬೇಕು. ಮಾಂಟಾನಾದ ಶಾಸನಸಭೆ ಬೆಸ ವರ್ಷಗಳ ಜನವರಿಯಲ್ಲಿ ಸೇರುತ್ತದೆ. ಅದು ಮತ್ತೆ ಸೇರುವ ಮೊದಲು ಅವನ ಸಂಘಗಳು ಮೂರು ಮಾತನ್ನು ಬರೆದು ಕೊಡಲಿ: ಎಷ್ಟು ತೋಳ ಕೊಲ್ಲಬೇಕೆಂಬುದನ್ನು ಕಾನೂನಿನಲ್ಲಿ ಬರೆಯದೆ, ಕಣಿವೆ ಕಣಿವೆಯ ಎಣಿಕೆ ನೋಡಿ ನಿರ್ಧರಿಸಲು ವನ್ಯಜೀವಿ ಆಯೋಗಕ್ಕೆ ಬಿಡಿ, ಯೆಲ್ಲೋಸ್ಟೋನ್ ಗಡಿಯಲ್ಲಿ ಮಿತಿಯಿಲ್ಲದ ಬೇಟೆಗೆ ಎಡೆಕೊಡಬೇಡಿ, ತೋಳದ ತಲೆಗೆ ಕೊಡುವ ಹಣವನ್ನು ಎಲ್ಕ್‌ಗಳ ರೋಗಪರೀಕ್ಷೆಗೆ ಕೊಡಿ.